ಒಂದೇ ನದಿ, ಒಂದೇ ಊರು: ಕೆಲವು ಆಮೆಗೂಡು ಖಾಲಿ, ಕೆಲವು ಭದ್ರ. ಯಾಕೆ?

ದಂಡೆಗುಂಟ
ಎಲ್ಲರಿಗೂ ನಮಸ್ಕಾರ. ಉಷ್ಣವಲಯದ ನದಿಗಳಲ್ಲಿ ಜನ ಆಮೆಯ ಮೊಟ್ಟೆ ತೆಗೆಯುವ ಬಗ್ಗೆ ಒಂದು ಲೇಖನ ಬರೆಯಲು ಕೂತಿದ್ದೇನೆ. ಮುಖ್ಯವಾಗಿ ಅಮೆಜಾನ್ ಕಡೆಯ ಹಳದಿ ಚುಕ್ಕೆಯ ನದಿ ಆಮೆ. ಬ್ರೆಜಿಲ್‌ನಲ್ಲಿ ಟ್ರಕಾಜಾ ಅನ್ನುತ್ತಾರೆ, ಪೆರುವಿನಲ್ಲಿ ತರಿಕಾಯಾ. ಓದಿದಷ್ಟೂ ಒಂದು ವಿಷಯ ಬಗೆಹರಿಯುತ್ತಿಲ್ಲ. ಅದೇ ನದಿ, ಅದೇ ಊರಿನ ಜನ. ಒಂದು ದಂಡೆಯಲ್ಲಿ ಹೆಚ್ಚುಕಡಿಮೆ ಎಲ್ಲ ಗೂಡೂ ಖಾಲಿ. ಸ್ವಲ್ಪ ಆಚೆಯ ದಂಡೆಯಲ್ಲಿ ಗೂಡುಗಳು ಹಾಗೇ ಉಳಿದಿರುತ್ತವೆ.

"ಬಡತನ ಕಣ್ರೀ" ಅಂತ ಒಂದೇ ಮಾತಲ್ಲಿ ಮುಗಿಸುವವರು ಬಹಳ. ಬಡತನ ಎರಡೂ ದಂಡೆಗೆ ಒಂದೇ ಅಲ್ವಾ? ದೂರ, ಮರಳು, ಪೇಟೆಯ ಬೇಡಿಕೆ, ಕಾನೂನು, ಕಾವಲು, ಇವುಗಳಲ್ಲಿ ಯಾವುದರ ಕೈ ಮೇಲು? ಗೊತ್ತಿರುವವರು ಹೇಳಿ. "ಜನಜಾಗೃತಿ ಮೂಡಿಸಬೇಕು" ಅಂತ ಮಾತ್ರ ಬರೆಯಬೇಡಿ, ಕೈ ಮುಗಿಯುತ್ತೇನೆ.

ನೇರನುಡಿ
ಹಸಿವು. ಮುಗೀತು. ಮುಂದಿನ ಪ್ರಶ್ನೆ?

ಹಳೇಕಡತ
@ನೇರನುಡಿ ಅಷ್ಟು ಬೇಗ ಮುಗಿಸಬೇಡಿ. ಮೊಟ್ಟೆ ದೊಡ್ಡ ಮಟ್ಟದಲ್ಲಿ ಖಾಲಿಯಾಗಿದ್ದು ಹಸಿವಿಗಲ್ಲ, ಎಣ್ಣೆಗೆ. ಜರ್ಮನಿಯ ನಿಸರ್ಗ ವಿಜ್ಞಾನಿ ಹಂಬೋಲ್ಟ್ 1800ರಲ್ಲಿ ದಕ್ಷಿಣ ಅಮೆರಿಕದ ಒರಿನೋಕೊ ನದಿಯಲ್ಲಿ ಹೋಗುವಾಗ ದಂಡೆ ತುಂಬ ಜನ ಸೇರಿ ದೊಡ್ಡ ಆಮೆಯ ಮೊಟ್ಟೆ ಅಗೆಯುವುದನ್ನು ನೋಡಿದ. ವರ್ಷಕ್ಕೆ ಸುಮಾರು 3.3 ಕೋಟಿ ಮೊಟ್ಟೆ ಅಂತ ಅವನ ಅಂದಾಜು. ಅರ್ಧ ಶತಮಾನ ಕಳೆದ ಮೇಲೆ ಇಂಗ್ಲೆಂಡಿನ ನಿಸರ್ಗ ವಿಜ್ಞಾನಿ ಹೆನ್ರಿ ಬೇಟ್ಸ್ ಮೇಲಿನ ಅಮೆಜಾನ್‌ಗೆ ಇನ್ನೊಂದು ಲೆಕ್ಕ ಹಾಕಿದ. ಒಂದು ಜಾಡಿ ಎಣ್ಣೆಗೆ ಸುಮಾರು 6,000 ಮೊಟ್ಟೆ, ವರ್ಷಕ್ಕೆ ಒಟ್ಟು 4.8 ಕೋಟಿ. ಆ ಎಣ್ಣೆ ಹೋಗಿದ್ದು ದೀಪ ಉರಿಸಲು, ಮೀನು ಕರಿಯಲು. ಮೊಟ್ಟೆಯನ್ನು ದೋಣಿಗೆ ಸುರಿದು ಕಾಲಲ್ಲಿ ತುಳಿದು, ನೀರು ಹಾಕಿ, ಬಿಸಿಲಿಗೆ ಬಿಟ್ಟು, ಮೇಲೆ ತೇಲಿದ ಎಣ್ಣೆಯನ್ನು ಎತ್ತಿಕೊಳ್ಳುತ್ತಿದ್ದರು.

ಹಂಬೋಲ್ಟ್ ಬರೆದದ್ದರಲ್ಲಿ ನಿಮಗೆ ಬೇಕಾದ ಇನ್ನೊಂದು ಮಾತೂ ಇದೆ. ಜೆಸ್ಯೂಟ್ ಪಾದ್ರಿಗಳು ಇದ್ದಾಗ ದಂಡೆಯ ಒಂದು ಭಾಗವನ್ನು ಅಗೆಯಲು ಬಿಡುತ್ತಿರಲಿಲ್ಲವಂತೆ. 1767ರಲ್ಲಿ ಅವರನ್ನು ಹೊರಹಾಕಿದ ಮೇಲೆ ಬಂದವರು ಪೂರ್ತಿ ದಂಡೆ ಅಗೆಸಿದರು. ಆಮೆ, ಹಸಿವು, ಜನ ಎಲ್ಲ ಅವೇ. ಬದಲಾಗಿದ್ದು ದಂಡೆಗೆ ಹೇಳುವವರು ಕೇಳುವವರು ಇದ್ದಾರೋ ಇಲ್ಲವೋ ಅನ್ನುವುದು.

ನೇರನುಡಿ
ಅದು 200 ವರ್ಷದ ಹಿಂದಿನ ಕಥೆ. ಈಗ ಯಾರೂ ಆಮೆ ಎಣ್ಣೆಯಲ್ಲಿ ದೀಪ ಹಚ್ಚುವುದಿಲ್ಲ. ಈಗ ತಿನ್ನಲೇ ತೆಗೆಯುವುದು.

ಮರಳ್ಮೇಲೆ
ತಿನ್ನಲು ಹೌದು. ಹಸಿವಿಗೆ ಅಂತ ಹೇಳಲಾರೆ. ನಾನು ಕೆಲವು ವರ್ಷದ ಹಿಂದೆ ಅಮೆಜಾನ್‌ನ ಒಂದು ಉಪನದಿಯಲ್ಲಿ ಸ್ವಯಂಸೇವಕನಾಗಿದ್ದೆ. ಅಲ್ಲಿ ಮೀನಿಗೆ ಬರವಿಲ್ಲ. ಅದರಲ್ಲೂ ನೀರು ಇಳಿದ ಕಾಲದಲ್ಲಿ ಮೀನು ಹಿಡಿಯುವುದು ಇನ್ನೂ ಸುಲಭ. ಆಮೆ ಮೊಟ್ಟೆ ಇಡುವುದೂ ಅದೇ ಕಾಲದಲ್ಲಿ. ಅಂದರೆ ಊಟ ಸಲೀಸಾಗಿ ಸಿಗುವ ತಿಂಗಳಲ್ಲೇ ಮೊಟ್ಟೆಯೂ ಹೋಗುತ್ತದೆ. ಅವರಿಗೆ ಅದು ವರ್ಷಕ್ಕೊಮ್ಮೆ ಬರುವ ರುಚಿ. ಹಸಿ ಮೊಟ್ಟೆಗೆ ಮರಗೆಣಸಿನ ಹಿಟ್ಟು, ಸಕ್ಕರೆ ಕಲಸಿ ತಿನ್ನುತ್ತಾರೆ. ಮಕ್ಕಳು ಅದಕ್ಕಾಗಿ ಕಾಯುತ್ತಿರುತ್ತಾರೆ.

ಗೂಡು ಹುಡುಕುವುದನ್ನು ನೋಡಬೇಕು ನೀವು. ಆಮೆ ರಾತ್ರಿ ಹತ್ತುತ್ತದೆ. ಬೆಳಗಿನ ಜಾವ ದೋಣಿಯಲ್ಲಿ ದಂಡೆಗುಂಟ ನಿಧಾನಕ್ಕೆ ಹೋದರೆ ಸಾಕು. ನೀರಿನಿಂದ ಮೇಲಕ್ಕೆ ಒಂದು ಜಾಡು, ವಾಪಸ್ ಒಂದು ಜಾಡು. ಅವೆರಡೂ ಸೇರುವ ಕಡೆ ಮರಳು ಸ್ವಲ್ಪ ಕೆದರಿರುತ್ತದೆ. ಹಿಮ್ಮಡಿಯಲ್ಲಿ ಒತ್ತಿದರೆ ಮೆತ್ತಗೆ ಕುಸಿಯುತ್ತದೆ. ಒಂದು ಗೇಣು ತೋಡಿದರೆ ಮೊಟ್ಟೆ. ನಮ್ಮ ಜೊತೆ ಇದ್ದ ಮುದುಕ ದೋಣಿಯಿಂದ ಇಳಿಯುವ ಮೊದಲೇ ಎಲ್ಲಿದೆ ಅಂತ ಬೆರಳು ತೋರಿಸುತ್ತಿದ್ದ. ರಾತ್ರಿ ಮಳೆ ಬಂದಿದ್ದರೆ ಮಾತ್ರ ಅವನೂ ಗೊಣಗುತ್ತಿದ್ದ. ಜಾಡು ಅಳಿಸಿಹೋಗಿರುತ್ತದೆ.

ಹಾಗಾಗಿ ನನ್ನ ಉತ್ತರ ಸರಳ. ಕಣ್ಣಿಗೆ ಬಿದ್ದಿದ್ದು ಹೋಗುತ್ತದೆ, ಬೀಳದಿದ್ದು ಉಳಿಯುತ್ತದೆ.

ಕಪ್ಪೆಚಿಪ್ಪು
👆 ಇದು ಉತ್ತರ. ಎಲ್ಲರೂ ಮನೆಗೆ ಹೋಗಬಹುದು.

ಹೊಳೆಸಾಲು
ಸ್ವಲ್ಪ ತಾಳಿ. ಟ್ರಕಾಜಾ ಬರೀ ಮರಳಲ್ಲೇ ಮೊಟ್ಟೆ ಇಡುವುದಿಲ್ಲ. ದೊಡ್ಡ ಆಮೆ, ಬ್ರೆಜಿಲ್‌ನವರ ಟಾರ್ಟರೂಗಾ, ಅದು ದೊಡ್ಡ ಮರಳದಿಣ್ಣೆಗೆ ಗುಂಪು ಕಟ್ಟಿಕೊಂಡು ಬರುತ್ತದೆ. ಒಂದು ಗೂಡಿಗೆ ನೂರರ ಆಸುಪಾಸು ಮೊಟ್ಟೆ. ಟ್ರಕಾಜಾ ಒಂಟಿಯಾಗಿ ಬಂದು ಎಲ್ಲೆಂದರಲ್ಲಿ ಇಡುತ್ತದೆ. ಜೇಡಿ ದಂಡೆ, ಸಣ್ಣ ಜಲ್ಲಿ, ಹುಲ್ಲಿನ ಅಂಚು, ಯಾವುದಾದರೂ ಸರಿ. ಗೂಡಿನ ಬಾಯಿಗೆ ಒದ್ದೆ ಮಣ್ಣಿನ ಮುಚ್ಚಳ ಹಾಕಿ ಹೋಗುತ್ತದೆ. ಜಲ್ಲಿಯಲ್ಲಿ ಜಾಡು ಮೂಡುವುದಿಲ್ಲ. ಜೇಡಿಯಲ್ಲಿ ಮುಚ್ಚಳ ಒಣಗುವವರೆಗೆ ಬಣ್ಣ ಬೇರೆ ಕಾಣುತ್ತದೆ, ಆಮೇಲೆ ಗುರುತು ಸಿಗುವುದು ಕಷ್ಟ.

ಅಂದರೆ "ನೆಲ ಯಾವುದು" ಅನ್ನುವುದು "ಎಷ್ಟು ದೂರ" ಅನ್ನುವಷ್ಟೇ ಮುಖ್ಯ. ಇದನ್ನು ಬಹಳ ಜನ ಮರೆಯುತ್ತಾರೆ. ಮೊಟ್ಟೆ ಕಾವಿಗೆ ಯಾವ ಮಣ್ಣು ಒಳ್ಳೆಯದು ಅಂತ ನೋಡುತ್ತಾರೆ. ಕಳ್ಳನ ಕಣ್ಣಿಗೆ ಯಾವ ಮಣ್ಣು ಒಳ್ಳೆಯದು ಅಂತ ನೋಡುವುದಿಲ್ಲ.

ಊರಕಡೆ
"ಕಳ್ಳ" ಅನ್ನಬೇಡಿ ಸ್ವಾಮಿ. ಅಜ್ಜ ಮುತ್ತಜ್ಜನ ಕಾಲದಿಂದ ಅವರ ನದಿ ಅದು. ಎಲ್ಲೋ ರಾಜಧಾನಿಯಲ್ಲಿ ಕೂತವರು ಕಾಗದ ಬರೆದ ಮೇಲೆ ಕಳ್ಳರಾದರು.

ಹೊಳೆಸಾಲು
ಸರಿ, "ತೆಗೆಯುವವನ ಕಣ್ಣಿಗೆ". ಸಮಾಧಾನವಾ?

ಊರಕಡೆ
ಆಯ್ತು.

ಲೆಕ್ಕದ_ಮೇಷ್ಟ್ರು
ಇಲ್ಲಿ ಎಲ್ಲರೂ ಒಂದು ಸಣ್ಣ ಬಲೆಗೆ ಬೀಳುತ್ತಿದ್ದೀರಿ. ಸುಲಭಕ್ಕೆ ಕಾಣುವ ಗೂಡನ್ನು ಜನ ತೆಗೆಯುತ್ತಾರೆ, ಒಪ್ಪಿದೆ. ಆದರೆ ಸುಲಭಕ್ಕೆ ಕಾಣುವ ಗೂಡನ್ನೇ ಸಂಶೋಧಕರೂ ಎಣಿಸುತ್ತಾರೆ! ಜಲ್ಲಿಯಲ್ಲಿರುವ ಗೂಡು ಊರಿನವನಿಗೂ ಸಿಗಲಿಲ್ಲ, ಎಣಿಸುವವನಿಗೂ ಸಿಗಲಿಲ್ಲ ಅಂದರೆ ಅದು ಲೆಕ್ಕದಲ್ಲೇ ಇಲ್ಲ. ಇನ್ನೊಂದು ಕಡೆ, ಬೆಳಗ್ಗೆ ಐದಕ್ಕೆ ಊರಿನವನು ತೆಗೆದು, ಎಂಟಕ್ಕೆ ಮಳೆ ಬಂದು, ಹತ್ತಕ್ಕೆ ಸಂಶೋಧಕ ಬಂದರೆ ಆ ಗೂಡೂ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ "ಶೇಕಡಾ ಇಷ್ಟು ಗೂಡು ಹೋಯಿತು" ಅನ್ನುವ ಅಂಕಿ ಓದುವಾಗ ಎಷ್ಟು ದಿನಕ್ಕೊಮ್ಮೆ ದಂಡೆ ನೋಡಿದರು ಅಂತ ಮೊದಲು ನೋಡಿ.

ಕಪ್ಪೆಚಿಪ್ಪು
ಅದಿರಲಿ, ಮನುಷ್ಯ ತೆಗೆದದ್ದೋ ಪ್ರಾಣಿ ತೆಗೆದದ್ದೋ ಅಂತ ಹೇಗೆ ಗೊತ್ತಾಗುತ್ತದೆ? ಖಾಲಿ ಗುಂಡಿ ಖಾಲಿ ಗುಂಡಿಯೇ ಅಲ್ವಾ?

ಮರಳ್ಮೇಲೆ
@ಕಪ್ಪೆಚಿಪ್ಪು ಗೊತ್ತಾಗುತ್ತದೆ. ಟೇಗು ಹಲ್ಲಿ, ರಣಹದ್ದು, ಕರಕಾರಾ ಹದ್ದು ಇವೆಲ್ಲ ಅಲ್ಲೇ ಕೂತು ತಿನ್ನುತ್ತವೆ. ಗುಂಡಿಯ ಸುತ್ತ ಚಿಪ್ಪು ಚೆಲ್ಲಿರುತ್ತದೆ, ಮರಳು ಒಂದೇ ಕಡೆಗೆ ಎರಚಿರುತ್ತದೆ. ಮನುಷ್ಯ ಒಂದು ಚೂರು ಚಿಪ್ಪೂ ಬಿಡುವುದಿಲ್ಲ. ಅಚ್ಚುಕಟ್ಟಾದ ಗುಂಡಿ, ಪಕ್ಕದಲ್ಲಿ ಮೊಣಕಾಲು ಊರಿದ ಗುರುತು, ಕೆಲವು ಸಲ ದೋಣಿಯ ಮೂಗು ಮರಳಿಗೆ ತಾಗಿದ ಗೀರು. ಕೆಲವರು ಗುಂಡಿ ಮುಚ್ಚಿಯೂ ಹೋಗುತ್ತಾರೆ. ಆಗ ಮೇಷ್ಟ್ರು ಹೇಳಿದ ತೊಂದರೆ ನಿಜ.

ಎಂಜಿನ್_ಬಾಬು
ದೂರ ದೂರ ಅನ್ನುತ್ತೀರಿ. ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ಪೆಟ್ರೋಲಿನಲ್ಲಿ ಅಳೆಯಿರಿ. ಹುಟ್ಟು ಹಾಕುವ ಕಾಲದಲ್ಲಿ ಅರ್ಧ ದಿನದ ಹಾದಿ ಈಗ ಒಂದು ಗಂಟೆ. ಬ್ರೆಜಿಲ್‌ನ ಒಳನಾಡಿನಲ್ಲಿ ರಬೇಟಾ ಅಂತ ಉದ್ದ ದಂಡದ ಸಣ್ಣ ಎಂಜಿನ್ ಇದೆ, ಮೊಣಕಾಲುದ್ದದ ನೀರಲ್ಲೂ ಓಡುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ದೊಡ್ಡ ದೋಣಿ ಹೋಗದ ಕವಲಿಗೂ ಇದು ಹೋಗುತ್ತದೆ.

ಪಪುವಾ ನ್ಯೂಗಿನಿಯ ಕಿಕೋರಿ ನದಿಯ ಕಡೆ ಹಂದಿಮೂಗಿನ ಆಮೆಗೂ ಇದೇ ಆಯಿತು. 1980ರ ದಶಕದ ಶುರುವಿಗೂ ಅದರ ಸುಮಾರು 30 ವರ್ಷದ ನಂತರಕ್ಕೂ ಹೋಲಿಸಿ ನೋಡಿದಾಗ ಆಮೆ ಅರ್ಧಕ್ಕಿಂತ ಜಾಸ್ತಿ ಕಡಿಮೆಯಾಗಿತ್ತು. ಕಾರಣದಲ್ಲಿ ಎಂಜಿನ್ ದೋಣಿ ಇದೆ, ಪೇಟೆ ಇದೆ. ಜೊತೆಗೆ ಯಾರೂ ಊಹಿಸದ ಇನ್ನೊಂದು ಇದೆ: ಶಾಂತಿ! ಮೊದಲು ಬುಡಕಟ್ಟುಗಳ ಜಗಳದ ಭಯಕ್ಕೆ ಜನ ನದಿಯಿಂದ ದೂರ ಇರುತ್ತಿದ್ದರು. ಜಗಳ ನಿಂತ ಮೇಲೆ ದಂಡೆಗೆ ಬಂದು ನೆಲೆಸಿದರು. ಭಯದ ಕಾಲದಲ್ಲಿ ಪರರ ಗಡಿಯ ದಂಡೆಗೆ ಕಾಲಿಡುವ ಧೈರ್ಯ ಯಾರಿಗಿತ್ತು ಹೇಳಿ.

ಊರಕಡೆ
ಅಂದರೆ ಆಮೆ ಉಳಿಯಲು ಜನ ಹೊಡೆದಾಡಬೇಕು ಅಂತೀರಾ? 😄

ಎಂಜಿನ್_ಬಾಬು
ನಾನು ಹಾಗೆ ಹೇಳಿಲ್ಲಪ್ಪ. ಇದನ್ನು ಯಾರಾದರೂ ಸ್ಕ್ರೀನ್‌ಶಾಟ್ ತೆಗೆದು ಹಾಕಿದರೆ ನನ್ನ ಗತಿ ಏನು.

ನೀಲಿಕಡಲು
ಕೋಸ್ಟಾರಿಕಾದ ಒಸ್ಟಿಯೊನಾಲ್‌ನಲ್ಲಿ ಊರಿನವರೇ ಕಾನೂನುಬದ್ಧವಾಗಿ ಮೊಟ್ಟೆ ತೆಗೆದು ಮಾರುತ್ತಾರೆ. ಆಮೆಗಳು ಗುಂಪಾಗಿ ದಂಡೆ ಹತ್ತಲು ಶುರು ಮಾಡಿದ ಮೊದಲ 36 ಗಂಟೆ ಅಷ್ಟೇ. ಆಮೇಲೆ ದಂಡೆ ಕಾಯುವುದೂ ಅವರೇ. ಇದನ್ನು ಎಲ್ಲ ಕಡೆ ಮಾಡಬಹುದಲ್ವಾ?

ಹೊಳೆಸಾಲು
ಅದು ಕಡಲಾಮೆ, ಆಲಿವ್ ರಿಡ್ಲಿ. ಸಾವಿರಾರು ಒಟ್ಟಿಗೆ ಬರುತ್ತವೆ, ಆಮೇಲೆ ಬಂದವು ಮೊದಲು ಇಟ್ಟವುಗಳ ಗೂಡನ್ನೇ ಅಗೆದು ಹಾಕುತ್ತವೆ. ಹಾಗಾಗಿ ಮೊದಲ ಮೊಟ್ಟೆಗಳು ಹೇಗಿದ್ದರೂ ಹಾಳು ಅನ್ನುವುದು ಅಲ್ಲಿನ ವಾದ. ಟ್ರಕಾಜಾಗೆ ಈ ವಾದ ನಡೆಯುವುದಿಲ್ಲ. ಒಂಟಿ ಗೂಡು, ಅದನ್ನು ತೆಗೆದರೆ ಅಲ್ಲಿಗೆ ಮುಗಿಯಿತು.

ಮರಳ್ಮೇಲೆ
ನದಿಯಲ್ಲೂ "ಹೇಗಿದ್ದರೂ ಹಾಳು" ಗೂಡುಗಳಿವೆ. ನೀರಿಗೆ ತೀರ ಹತ್ತಿರ, ತಗ್ಗಿನಲ್ಲಿ ಇಟ್ಟ ಗೂಡು. ಮಧ್ಯದಲ್ಲಿ ಒಮ್ಮೆ ನೀರು ದಿಢೀರ್ ಏರುತ್ತದೆ, ಅಲ್ಲಿ ರಿಪಿಕೆಟ್ ಅನ್ನುತ್ತಾರೆ. ಆಗ ಇಡೀ ತಗ್ಗು ಮುಳುಗಿ ಮರಿಗಳು ಮೊಟ್ಟೆಯೊಳಗೇ ಸಾಯುತ್ತವೆ. ಊರಿನವರು ಇದನ್ನೇ ಹಿಡಿದು ಕೇಳುತ್ತಾರೆ: "ನೀರು ತಿಂದರೆ ಸರಿ, ನಾವು ತಿಂದರೆ ತಪ್ಪಾ?" ಆ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. ಅವರು ತಗ್ಗಿನ ಗೂಡು ಮಾತ್ರ ತೆಗೆಯುತ್ತಾರಾ ಅಂದರೆ, ಅದೂ ಇಲ್ಲ.

ವಕೀಲರ_ಪಕ್ಕದಮನೆ
ಕಾನೂನಿನ ವಿಷಯ ಯಾರೂ ಎತ್ತಲಿಲ್ಲ. ಬ್ರೆಜಿಲ್‌ನಲ್ಲಿ 1967ರ ವನ್ಯಜೀವಿ ಕಾನೂನು ಬಂದಾಗಿನಿಂದ ಕಾಡುಪ್ರಾಣಿಯ ವ್ಯಾಪಾರಿ ಬೇಟೆ ನಿಷಿದ್ಧ. ಗೂಡು, ಮೊಟ್ಟೆಗೂ ಅದು ಅನ್ವಯ. 1998ರ ಪರಿಸರ ಅಪರಾಧ ಕಾನೂನು ಶಿಕ್ಷೆ ಹೇಳುತ್ತದೆ, ಜೊತೆಗೆ ತನ್ನ ಅಥವಾ ಮನೆಯವರ ಹಸಿವು ನೀಗಿಸಲು ಬೇರೆ ದಾರಿಯಿಲ್ಲದೆ ಪ್ರಾಣಿ ಕೊಂದರೆ ಅಪರಾಧವಲ್ಲ ಅಂತಲೂ ಹೇಳುತ್ತದೆ. ಹಾಗಾಗಿ ಮನೆಮಂದಿಗೆ ನಾಲ್ಕು ಗೂಡು ತೆಗೆದವನಿಗೂ, ಚೀಲಗಟ್ಟಲೆ ಪೇಟೆಗೆ ಸಾಗಿಸುವವನಿಗೂ ವ್ಯತ್ಯಾಸ ಇದೆ. ಕಾಗದದ ಮೇಲೆ.

ನೇರನುಡಿ
"ಕಾಗದದ ಮೇಲೆ" ಅನ್ನುವ ಎರಡು ಶಬ್ದದಲ್ಲಿ ಇಡೀ ಉಷ್ಣವಲಯದ ಅರಣ್ಯ ಇಲಾಖೆಗಳ ಇತಿಹಾಸ ಬರೆದುಬಿಟ್ಟಿರಿ.

ಊರಕಡೆ
ಆ ಕಾನೂನಿನಿಂದ ಏನಾಗುತ್ತದೆ ಗೊತ್ತಾ? ಊರಿನವನು ಕಾನೂನಿಗೆ ಹೆದರಿ ಸುಮ್ನೆ ಇರುತ್ತಾನೆ, ಪೇಟೆಯಿಂದ ಬಂದವನು ರಾತ್ರೋರಾತ್ರಿ ಬಾಚಿಕೊಂಡು ಹೋಗುತ್ತಾನೆ. ಮಾರನೇ ವರ್ಷ ಊರಿನವನೂ ಯೋಚಿಸುತ್ತಾನೆ: ನಾನು ಬಿಟ್ಟರೆ ಅವನಿಗೆ, ಅದರ ಬದಲು ನನಗೇ ಇರಲಿ. ಇದು ಹಸಿವೂ ಅಲ್ಲ, ಆಸೆಯೂ ಅಲ್ಲ. ಬಿಟ್ಟವನು ಪೆದ್ದನಾಗುವ ಭಯ.

ದಂಡೆಗುಂಟ
@ಊರಕಡೆ ಇದನ್ನು ನನ್ನ ಲೇಖನದಲ್ಲಿ ಹಾಕಿಕೊಳ್ಳಲಾ? "ಬಿಟ್ಟವನು ಪೆದ್ದನಾಗುವ ಭಯ".

ಊರಕಡೆ
ಹಾಕಿಕೊಳ್ಳಿ. ಚಹಾ ಕೊಡಿಸಿದರೆ ಸಾಕು.

ಹಳೇಕಡತ
@ಊರಕಡೆ ಹೇಳಿದ್ದಕ್ಕೆ ಒಳ್ಳೆಯ ಸಾಕ್ಷಿ ಬ್ರೆಜಿಲ್‌ನ ಜುರುಆ ನದಿ. ಅಲ್ಲಿ ಕೆಲವು ದಂಡೆಗಳನ್ನು ಊರಿನವರೇ ಕಾಯುತ್ತಾರೆ. ಮೊಟ್ಟೆ ಇಡುವ ತಿಂಗಳುಗಳಲ್ಲಿ ದಂಡೆಯ ಎದುರೇ ಗುಡಿಸಲು ಹಾಕಿಕೊಂಡು ಹಗಲೂ ರಾತ್ರಿ ಅಲ್ಲೇ. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 2,000ಕ್ಕೂ ಜಾಸ್ತಿ ಗೂಡುಗಳನ್ನು ಗಮನಿಸಿದ್ದರು. ಕಾವಲಿದ್ದ ದಂಡೆಗಳಲ್ಲಿ ಜನರ ಪಾಲಾಗಿದ್ದು ಸುಮಾರು ಶೇ. 2. ಕಾವಲಿಲ್ಲದ ಕಡೆ ಶೇ. 99. ಅದೇ ನದಿ, ಅದೇ ಜನ, ಅದೇ ಕಾನೂನು.

ಇದರ ಜೊತೆ ದಂಡೆಯಲ್ಲಿ ಗೂಡು ಕಟ್ಟುವ ಹಕ್ಕಿಗಳು, ಕೇಮನ್ ಮೊಸಳೆ, ಇಗ್ವಾನಾ, ದೊಡ್ಡ ಮೀನು ಎಲ್ಲವೂ ಅಲ್ಲಿ ಜಾಸ್ತಿ ಇದ್ದವು. ಆಮೆಗೆ ಅಂತ ಕಾದಿದ್ದು, ಲಾಭ ಎಲ್ಲರಿಗೂ.

ಲೆಕ್ಕದ_ಮೇಷ್ಟ್ರು
2 ಮತ್ತು 99, ಅಂಕಿ ಜೋರಾಗಿದೆ. ಆದರೂ ಕೇಳಲೇಬೇಕು. ಕಾವಲಿಗೆ ಆರಿಸಿದ ದಂಡೆಗಳು ಮೊದಲೇ ಒಳ್ಳೆಯ ದಂಡೆಗಳಲ್ಲವಾ? ಜನ ಒಗ್ಗಟ್ಟಾಗಿರುವ ಊರೇ ಕಾವಲಿಗೆ ಒಪ್ಪಿಕೊಂಡಿರುತ್ತದೆ. ಆಗ ಕೆಲಸ ಮಾಡಿದ್ದು ಕಾವಲೋ, ಒಗ್ಗಟ್ಟೋ?

ಹಳೇಕಡತ
ಮೇಷ್ಟ್ರೇ, ಒಳ್ಳೆಯ ದಂಡೆ ಅಂದರೆ ಗೂಡು ಜಾಸ್ತಿ. ಗೂಡು ಜಾಸ್ತಿ ಅಂದರೆ ಕದಿಯುವವನಿಗೆ ಇನ್ನೂ ಒಳ್ಳೆಯದು. ನಿಮ್ಮ ವಾದದ ಪ್ರಕಾರ ಅಲ್ಲಿ ಜಾಸ್ತಿ ಹೋಗಬೇಕಿತ್ತು. ಒಗ್ಗಟ್ಟಿನ ಮಾತು ಒಪ್ಪುತ್ತೇನೆ. ಆದರೆ ಒಗ್ಗಟ್ಟಿಲ್ಲದೆ ಕಾವಲು ಎಲ್ಲಿಂದ ಬರಬೇಕು?

ಲೆಕ್ಕದ_ಮೇಷ್ಟ್ರು
ಮೊದಲನೆಯದು ಸರಿಯಾದ ಪೆಟ್ಟು. ಎರಡನೆಯದಕ್ಕೆ ನಾಳೆ ಬರುತ್ತೇನೆ.

ಗಿರಿಜಮ್ಮನ_ಮಗಳು
ಕಾವಲು ಕಾವಲು ಅಂತೀರಲ್ಲ, ಕಾಯುವವನ ಹೊಟ್ಟೆಗೆ ಏನು? ಜುರುಆದಲ್ಲಿ ಕಾವಲುಗಾರನಿಗೆ ಸಿಗುವುದು ತಿಂಗಳಿಗೆ ಒಂದು ದಿನಸಿ ಬುಟ್ಟಿ, ಅಷ್ಟೇ. ರಾತ್ರಿ ಬಂದೂಕು ಹಿಡಿದ ದೋಣಿ ಬಂದರೆ ಇವನ ಕೈಯಲ್ಲಿ ಟಾರ್ಚ್. ಗಂಡ ದಂಡೆ ಕಾಯಲು ಹೋದ ತಿಂಗಳುಗಳಲ್ಲಿ ಗದ್ದೆ, ಮಕ್ಕಳು, ಮೀನು ಎಲ್ಲ ಹೆಂಡತಿಯ ತಲೆ ಮೇಲೆ. ಆ ದುಡಿಮೆ ಯಾವ ಲೆಕ್ಕದಲ್ಲೂ ಕಾಣುವುದಿಲ್ಲ. ಪುಕ್ಕಟೆ ದುಡಿಮೆಯ ಮೇಲೆ ನಿಂತ ಯಶಸ್ಸನ್ನು ಎಷ್ಟು ದಿನ ಹೊಗಳುತ್ತೀರಿ?

ನೇರನುಡಿ
ಈ ಚರ್ಚೆಯಲ್ಲಿ ಬಂದ ಮೊದಲ ಸರಿಯಾದ ಪ್ರಶ್ನೆ.

ಮರಳ್ಮೇಲೆ
@ಗಿರಿಜಮ್ಮನ_ಮಗಳು ನಿಜ. ಪೆರುವಿನ ಪಕಾಯಾ-ಸಮಿರಿಯಾ ಮೀಸಲು ಪ್ರದೇಶದಲ್ಲಿ ಇದಕ್ಕೆ ಬೇರೆ ದಾರಿ ಹಿಡಿದಿದ್ದಾರೆ. ಊರಿನ ಗುಂಪುಗಳೇ ನದಿ ದಂಡೆಯಿಂದ ತರಿಕಾಯಾ ಮೊಟ್ಟೆ ತೆಗೆಯುತ್ತವೆ. ನೆರೆ ಮುಟ್ಟದ ಕಡೆ ಹಲಗೆ ಕಟ್ಟಿ ಮರಳು ತುಂಬಿದ ಕೃತಕ ದಂಡೆಯಲ್ಲಿ ಹೂಳುತ್ತವೆ. ಮರಿಗಳಲ್ಲಿ ಬಹುಪಾಲು ನದಿಗೆ. ಗೊತ್ತುಪಡಿಸಿದ ಪಾಲು ಮಾರಾಟಕ್ಕೆ, ಪರವಾನಗಿ ಸಹಿತ. ಮರಿಗಳು ಸಾಕುವವರಿಗಾಗಿ ವಿದೇಶಕ್ಕೂ ಹೋಗುತ್ತವೆ. ಕಾಯುವವನಿಗೆ ಕಾಯುವುದರಿಂದಲೇ ದುಡ್ಡು.

ಮೊಟ್ಟೆ ಸಾಗಿಸುವುದು ಸುಮ್ನೆ ಅಲ್ಲ. ಇಟ್ಟ ಮೊದಲ ದಿನದೊಳಗೆ ಎತ್ತಿದರೆ ಪರವಾಗಿಲ್ಲ. ಆಮೇಲೆ ಭ್ರೂಣ ಚಿಪ್ಪಿನ ಒಳಮೈಗೆ ಅಂಟಿಕೊಳ್ಳುತ್ತದೆ, ತಿರುಗಿಸಿದರೆ ಸತ್ತಿತು. ಅದಕ್ಕೇ ಮೊಟ್ಟೆಯ ಮೇಲ್ಭಾಗಕ್ಕೆ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿ, ಆ ಗುರುತು ಮೇಲೇ ಇರುವ ಹಾಗೆ ಒದ್ದೆ ಮರಳಿನ ಡಬ್ಬಿಗೆ ಇಳಿಸುವುದು. ಒಬ್ಬ ಹುಡುಗ ದೋಣಿಯಲ್ಲಿ ಆ ಡಬ್ಬಿಯನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದ. ಪ್ರತಿ ಅಲೆಗೂ ಅವನ ಮುಖ ನೋಡಬೇಕಿತ್ತು.

ಹೊಳೆಸಾಲು
ಕೃತಕ ದಂಡೆಯಲ್ಲಿ ಒಂದು ಅಪಾಯವಿದೆ. ಈ ಆಮೆಗಳಲ್ಲಿ ಮರಿ ಗಂಡೋ ಹೆಣ್ಣೋ ಅಂತ ನಿರ್ಧರಿಸುವುದು ಮರಳಿನ ಬಿಸಿ. ಬಿಸಿ ಜಾಸ್ತಿಯಾದರೆ ಹೆಣ್ಣು, ತಂಪಾದರೆ ಗಂಡು. ನೆರಳಿಲ್ಲದ ಪೆಟ್ಟಿಗೆಯಲ್ಲಿ ಎಲ್ಲ ಗೂಡನ್ನೂ ಒಂದೇ ಆಳಕ್ಕೆ ಹೂತರೆ ಎಲ್ಲ ಮರಿಯೂ ಒಂದೇ ಕಡೆ ವಾಲುತ್ತವೆ. ನದಿಯಲ್ಲಿ ಆಮೆ ಅಲ್ಲಿ ಇಲ್ಲಿ ಇಡುವುದರಿಂದ ತಾನಾಗಿಯೇ ಮಿಶ್ರ ಆಗುತ್ತದೆ.

ವಕೀಲರ_ಪಕ್ಕದಮನೆ
ಇನ್ನೊಂದು ಅಪಾಯ: ಪರವಾನಗಿ ಮೊಟ್ಟೆ ಪೇಟೆಗೆ ಬಂದರೆ ಅದರ ಹಿಂದೆ ಕಳ್ಳಮೊಟ್ಟೆಯೂ ಬರುತ್ತದೆ. ಮೊಟ್ಟೆಯ ಮೇಲೆ ಮುದ್ರೆ ಇರುತ್ತದಾ?

ಊರಕಡೆ
ಎಲ್ಲದಕ್ಕೂ ಅಪಾಯ. ಏನೂ ಮಾಡದೆ ಕೂತರೆ ಮಾತ್ರ ಯಾವ ಅಪಾಯವೂ ಇಲ್ಲ, ಶೇ. 99 ಹೋಗುವುದೊಂದು ಬಿಟ್ಟು.

ಕಪ್ಪೆಚಿಪ್ಪು
ಒಂದು ದಡ್ಡ ಪ್ರಶ್ನೆ. ಮೊಟ್ಟೆ ತೆಗೆಯುವುದು ಆಮೆ ಹಿಡಿಯುವುದಕ್ಕಿಂತ ಕಡಿಮೆ ಕೆಟ್ಟದ್ದಲ್ವಾ? ಒಂದು ತಾಯಿ ಬದುಕಿದ್ದರೆ ಮುಂದಿನ ವರ್ಷ ಮತ್ತೆ ಇಡುತ್ತದೆ.

ಲೆಕ್ಕದ_ಮೇಷ್ಟ್ರು
ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ಒಂದಕ್ಕೆ ಒಂದು ಹೋಲಿಸಿದರೆ ಬೆಳೆದ ಹೆಣ್ಣಾಮೆ ಹೋಗುವುದೇ ದೊಡ್ಡ ನಷ್ಟ. ಅದು ದಶಕಗಟ್ಟಲೆ ಬದುಕಿ ಮೊಟ್ಟೆ ಇಡುವ ಪ್ರಾಣಿ. ಮೊಟ್ಟೆಗಳಲ್ಲಿ ಬಹುಪಾಲು ಹೇಗೂ ಬೆಳೆದು ದೊಡ್ಡದಾಗುವುದಿಲ್ಲ. ಒಂದಿಷ್ಟು ಪಾಲು ಮೊಟ್ಟೆ ಹೋದರೆ ಸಂತತಿ ತಡೆದುಕೊಳ್ಳುತ್ತದೆ.

ಆದರೆ ವರ್ಷ ವರ್ಷವೂ ಹತ್ತಿರ ಹತ್ತಿರ ನೂರಕ್ಕೆ ನೂರು ತೆಗೆದರೆ ಬೇರೆಯೇ ಕಥೆ. ಅದರ ಮೋಸ ಏನೆಂದರೆ, ಮೊದಲ ಹತ್ತಿಪ್ಪತ್ತು ವರ್ಷ ಏನೂ ಗೊತ್ತಾಗುವುದಿಲ್ಲ. ಮುದಿ ಆಮೆಗಳು ವರ್ಷವೂ ಬರುತ್ತವೆ, ದಂಡೆ ಹತ್ತುತ್ತವೆ. "ನೋಡಿ, ನಮ್ಮಜ್ಜನ ಕಾಲದಷ್ಟೇ ಇದೆ" ಅಂತ ಜನ ನಂಬುತ್ತಾರೆ. ಹಿಂದೆ ಮರಿಗಳೇ ಇಲ್ಲ ಅನ್ನುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಮುದಿಗಳು ಸಾಯಲು ಶುರುವಾದ ಮೇಲೆ ಎಲ್ಲ ಒಟ್ಟಿಗೆ ಕುಸಿಯುತ್ತದೆ. ಸಿಬ್ಬಂದಿ ನೇಮಕ ನಿಲ್ಲಿಸಿದ ಕಚೇರಿಯ ಹಾಗೆ, ಹಳಬರು ನಿವೃತ್ತಿಯಾಗುವವರೆಗೆ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ.

ಜನ ಮೊಟ್ಟೆ ತೆಗೆಯುವುದನ್ನು ನಿಲ್ಲಿಸದಿರಲು ಇದೂ ಒಂದು ಕಾರಣ ಅಂತ ನನ್ನ ಅಭಿಪ್ರಾಯ. ಮಾಡಿದ್ದರ ಫಲ ಮಾಡಿದವನ ಕಾಲದಲ್ಲಿ ಕಾಣುವುದೇ ಇಲ್ಲ.

ನೀಲಿಕಡಲು
ನಮ್ಮ ಚಂಬಲ್ ನದಿಯಲ್ಲೂ ಕೆಂಪು ಕಿರೀಟದ ಆಮೆ ಇದೆ. ಮರಳು ಗಣಿಗಾರಿಕೆಗೆ ದಂಡೆಯೇ ಹೋಗುತ್ತಿದೆ. ಅದರ ಬಗ್ಗೆಯೂ ಬರೆಯಿರಿ.

ಲೆಕ್ಕದ_ಮೇಷ್ಟ್ರು
ಚಂಬಲ್‌ನ ಆ ಭಾಗ ಕರ್ಕಾಟಕ ವೃತ್ತದ ಉತ್ತರಕ್ಕೆ, ಅಂದರೆ ಉಷ್ಣವಲಯದ ಹೊರಗೆ ಬರುತ್ತದೆ. ಶೀರ್ಷಿಕೆಯಲ್ಲಿ ಉಷ್ಣವಲಯ ಅಂತ ಹಾಕಿದರೆ ನೀವು ಸಿಕ್ಕಿಬೀಳುತ್ತೀರಿ.

ನೀಲಿಕಡಲು
ಆಮೆಗೆ ಕರ್ಕಾಟಕ ವೃತ್ತ ಗೊತ್ತಿಲ್ಲ ಮೇಷ್ಟ್ರೇ 🙄

ಹೊಳೆಸಾಲು
ಏಷ್ಯಾ ಬೇಕಿದ್ದರೆ ಕಾಂಬೋಡಿಯಾ ನೋಡಿ. ಅಲ್ಲಿ ನದಿ ಆಮೆ ಬಟಾಗುರ್ ಅಫಿನಿಸ್‌ನ ಮೊಟ್ಟೆ ಒಂದು ಕಾಲಕ್ಕೆ ಅರಮನೆಗೆ ಮೀಸಲು. ಅದಕ್ಕೇ ಅದು "ರಾಜ ಆಮೆ". ಪೂರ್ತಿ ಹೋಯಿತು ಅಂದುಕೊಂಡಿದ್ದರು, 2000ದ ಸುಮಾರಿಗೆ ಸ್ರೆ ಅಂಬೆಲ್ ನದಿಯಲ್ಲಿ ಮತ್ತೆ ಸಿಕ್ಕಿತು. ಆಗ ಕಾವಲಿಗೆ ಯಾರನ್ನು ಇಟ್ಟರು ಗೊತ್ತಾ? ಮೊದಲು ಮೊಟ್ಟೆ ತೆಗೆಯುತ್ತಿದ್ದವರನ್ನೇ. ಗೂಡು ಎಲ್ಲಿದೆ ಅಂತ ಅವರಷ್ಟು ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಲ್ಲ. ಮೆಕಾಂಗ್‌ನಲ್ಲಿ ಕ್ಯಾಂಟರ್‌ನ ದೈತ್ಯ ಮೆದುಚಿಪ್ಪಿನ ಆಮೆಗೂ ಇದೇ ದಾರಿ: ಗೂಡು ತೋರಿಸಿ ಕಾಯುವ ಊರಿನವರಿಗೆ ದುಡ್ಡು.

ಊರಕಡೆ
ಕೇಳಿದಿರಾ? "ಕಳ್ಳ" ಅಂದವರೇ ಹೇಳುತ್ತಿದ್ದಾರೆ.

ಎಂಜಿನ್_ಬಾಬು
ಅಣೆಕಟ್ಟು ಬಿಟ್ಟಿದ್ದೀರಿ. ಬ್ರೆಜಿಲ್‌ನ ಅಮಪಾ ರಾಜ್ಯದ ಅರಗ್ವಾರಿ ನದಿಯಲ್ಲಿ ಜಲವಿದ್ಯುತ್ ಅಣೆಕಟ್ಟಿನ ಹಿನ್ನೀರಿಗೆ ಟ್ರಕಾಜಾ ಮೊಟ್ಟೆ ಇಡುತ್ತಿದ್ದ ದಂಡೆಗಳು ಮುಳುಗಿದವು. ಉಳಿದ ಸ್ವಲ್ಪ ಜಾಗಕ್ಕೇ ಎಲ್ಲ ಆಮೆಯೂ ಬರಬೇಕು. ಹುಡುಕುವವನಿಗೆ ಕೆಲಸ ಹಗುರ. ಇಂಥ ಕಡೆ ಒಬ್ಬ ಮೀನುಗಾರನನ್ನು ಹಿಡಿದು ದಂಡ ಹಾಕಿ "ಸಂರಕ್ಷಣೆ ಮಾಡಿದೆವು" ಅನ್ನುವುದು ಹಾಸ್ಯಾಸ್ಪದ.

ಗಿರಿಜಮ್ಮನ_ಮಗಳು
ಸ್ವಲ್ಪ ವಿಷಯಾಂತರ. ಈ ಆಮೆಗಳು ಮಾತಾಡುತ್ತವಂತೆ, ನಿಜವಾ?

ಮರಳ್ಮೇಲೆ
ನಿಜ. ದೊಡ್ಡ ಟಾರ್ಟರೂಗಾ ಜಾತಿಯಲ್ಲಿ ನೀರಿನೊಳಗೆ ಮೈಕ್ ಇಟ್ಟು ದಾಖಲಿಸಿದ್ದಾರೆ. ಮರಿಗಳು ಮೊಟ್ಟೆಯೊಳಗಿಂದಲೇ ಸಣ್ಣ ದನಿ ಹೊರಡಿಸುತ್ತವೆ. ತಾಯಂದಿರು ದಂಡೆ ಹತ್ತಿರದಲ್ಲೇ ಕಾದಿದ್ದು ಮರಿಗಳ ಜೊತೆ ಹೊರಡುತ್ತವೆ. ನಮ್ಮ ಕಿವಿಗೆ ಏನೂ ಕೇಳುವುದಿಲ್ಲ, ಅಷ್ಟು ಮೆಲ್ಲಗೆ.

ಕಪ್ಪೆಚಿಪ್ಪು
ಬ್ರೆಜಿಲ್-ಬೊಲಿವಿಯಾ ಗಡಿಯ ಗ್ವಾಪೊರೆ ನದಿಯಲ್ಲಿ ಡ್ರೋನ್ ಬಿಟ್ಟು ಅದೇ ಜಾತಿಯನ್ನು ಎಣಿಸಿದರಲ್ಲ, ಸುಮಾರು 41,000! ಆ ಫೋಟೊ ನೋಡಿ ಒಂದು ದಿನವೆಲ್ಲ ಖುಷಿಯಾಗಿದ್ದೆ.

ದಂಡೆಗುಂಟ
ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಓದಿದ ಮೇಲೆ ನನ್ನ ತಲೆಯಲ್ಲಿ ಇರುವುದು ಇದು: ಗೂಡು ಹೋಗುವುದು ಸಲೀಸಾಗಿ ಸಿಗುವುದರಿಂದ. ಉಳಿಯುವುದು ಒಂದೋ ಕಣ್ಣಿಗೆ ಬೀಳದೆ, ಇಲ್ಲವೇ ಆ ದಂಡೆ "ನಮ್ಮದು" ಅಂತ ಯಾರೋ ಕೂತಿರುವುದರಿಂದ. ಇದನ್ನು ಒಂದೆರಡು ಊರಿನಲ್ಲಿ ಕೇಳಿ ನೋಡಬೇಕು ಅಂತಿದ್ದೇನೆ, ಗೆಳೆಯರೊಬ್ಬರು ಅಲ್ಲಿ ಕೆಲಸ ಮಾಡುತ್ತಾರೆ. ಆದರೆ "ಈ ವರ್ಷ ಮೊಟ್ಟೆ ತೆಗೆದಿರಾ?" ಅಂತ ಕೇಳಿದರೆ ಯಾರು ಹೌದು ಅನ್ನುತ್ತಾರೆ?

ವಕೀಲರ_ಪಕ್ಕದಮನೆ
ಯಾರೂ ಅನ್ನುವುದಿಲ್ಲ. ಅನ್ನಲೂಬಾರದು.

ಲೆಕ್ಕದ_ಮೇಷ್ಟ್ರು
ಅದಕ್ಕೆ ಹಳೆಯ ಉಪಾಯ ಇದೆ. 1965ರಲ್ಲಿ ಸ್ಟಾನ್ಲಿ ವಾರ್ನರ್ ಅನ್ನುವವರು ಶುರು ಮಾಡಿದ ವಿಧಾನ, ಆಮೇಲೆ ಅದರಲ್ಲಿ ಬೇರೆ ಬೇರೆ ರೂಪ ಬಂದವು. ಎದುರಿನವನ ಕೈಗೆ ಒಂದು ದಾಳ ಕೊಡಿ. ಗುಟ್ಟಾಗಿ ಉರುಳಿಸಲಿ. 1 ಬಿದ್ದರೆ ಸತ್ಯ ಏನೇ ಇರಲಿ "ಹೌದು" ಅನ್ನಬೇಕು. 6 ಬಿದ್ದರೆ "ಇಲ್ಲ" ಅನ್ನಬೇಕು. 2ರಿಂದ 5 ಬಿದ್ದರೆ ನಿಜ ಹೇಳಬೇಕು. ಅವನು "ಹೌದು" ಅಂದರೆ ದಾಳದ ಮಾತೋ ಅವನ ಮಾತೋ ನಿಮಗೂ ಗೊತ್ತಿಲ್ಲ, ಪೊಲೀಸಿಗೂ ಗೊತ್ತಿಲ್ಲ.

60 ಜನರನ್ನು ಕೇಳಿದಿರಿ ಅಂತಿಟ್ಟುಕೊಳ್ಳಿ. ಅಂದಾಜು 10 ಜನ ದಾಳ ಹೇಳಿದ್ದಕ್ಕೆ "ಹೌದು", 10 ಜನ ದಾಳ ಹೇಳಿದ್ದಕ್ಕೆ "ಇಲ್ಲ". ಉಳಿದ 40 ಜನ ನಿಜ ಹೇಳಿದ್ದಾರೆ. ಒಟ್ಟು 34 "ಹೌದು" ಬಂದರೆ ಅದರಲ್ಲಿ 24 ನಿಜದ್ದು. 40ರಲ್ಲಿ 24, ಅಂದರೆ ಶೇ. 60. ಇಷ್ಟು ಸಣ್ಣ ಸಂಖ್ಯೆಗೆ ತಪ್ಪು ಜಾಸ್ತಿ ಇರುತ್ತದೆ, ಆದಷ್ಟು ಜಾಸ್ತಿ ಜನರನ್ನು ಕೇಳಿ.

ನೇರನುಡಿ
ದಾಳ 1 ಬಿದ್ದರೂ ಅವನು "ಇಲ್ಲ" ಅಂದುಬಿಟ್ಟರೆ? ನಾನಾಗಿದ್ದರೆ ಹಾಗೇ ಅನ್ನುತ್ತಿದ್ದೆ.

ಲೆಕ್ಕದ_ಮೇಷ್ಟ್ರು
ಅನ್ನುತ್ತಾರೆ, ಕೆಲವರು. ಅದಕ್ಕೇ ಮೊದಲು ಹಗುರ ಪ್ರಶ್ನೆಯಲ್ಲಿ ಆಟ ಕಲಿಸಿ. "ನಿನ್ನೆ ಮೀನು ತಿಂದಿರಾ" ಅನ್ನುವಂಥದ್ದು. ನಾಲ್ಕು ಸಲ ಆಡಿ ನಕ್ಕ ಮೇಲೆ ಮೊಟ್ಟೆಯ ವಿಷಯಕ್ಕೆ ಬನ್ನಿ.

ಮರಳ್ಮೇಲೆ
ದಾಳದ ಜೊತೆ ಇನ್ನೊಂದು ಕೇಳಿ: "ಪೇಟೆಯವರು ಎಷ್ಟು ಹೊತ್ತಿಗೆ ಬರುತ್ತಾರೆ, ಯಾವ ದಂಡೆಗೆ?" ತಮ್ಮ ಬಗ್ಗೆ ಒಂದು ಮಾತೂ ಆಡದವರು ಹೊರಗಿನವರ ಬಗ್ಗೆ ಸಂಜೆಯವರೆಗೂ ಹೇಳುತ್ತಾರೆ. ದಂಡೆಯ ಹೆಸರು, ದೋಣಿಯ ಬಣ್ಣ, ಎಂಜಿನ್ನಿನ ಸದ್ದು ಸಮೇತ.

ಊರಕಡೆ
ಯಾರ ಹೆಸರನ್ನೂ ಬರೆದುಕೊಳ್ಳಬೇಡಿ. ಪೆನ್ನು ಜೇಬಲ್ಲೇ ಇರಲಿ. ಪೆನ್ನು ತೆಗೆದಿರೋ, ಎಲ್ಲರೂ ಎದ್ದು ಹೋಗುತ್ತಾರೆ.

ದಂಡೆಗುಂಟ
ದಾಳ ಎರಡು ತೆಗೆದುಕೊಂಡು ಹೋಗಲು ಗೆಳೆಯನಿಗೆ ಹೇಳಿದ್ದೇನೆ, ಒಂದು ದೋಣಿಯಲ್ಲಿ ಬಿದ್ದುಹೋದರೆ ಇನ್ನೊಂದಿರಲಿ ಅಂತ. ನೀರು ಇಳಿಯುವ ಹೊತ್ತಿಗೆ ಶುರು ಮಾಡುತ್ತಾನೆ. ಅಂಕಿ ಬಂದ ಮೇಲೆ ಇಲ್ಲೇ ಹಾಕುತ್ತೇನೆ, ಮೇಷ್ಟ್ರು ಹರಿದು ಹಾಕಲು ಅನುಕೂಲ ಆಗಲಿ.